ಅತ್ತೆ ಹೂಡಿದ ಒಲೆ

ನಮ್ಮ ಕೊಡಗು ಆಗ ಬೇರೆಯೇ ಒಂದು ರಾಜ್ಯ. ಕುಶಾಲನಗರದ ಸೇತುವೆ ದಾಟಿದರೆ ಆಚೆ ದಡ ಮೈಸೂರಿನದು, ಈಚೆ ದಡ ನಮ್ಮದು. ದೇಶದ ಭೂಪಟದ ಮೇಲೆ ಬೆರಳಿಟ್ಟರೆ ಬೆರಳಡಿಯಲ್ಲೇ ಮುಚ್ಚಿಹೋಗುವಷ್ಟು ಪುಟ್ಟ ರಾಜ್ಯ. ಅಷ್ಟು ಪುಟ್ಟ ರಾಜ್ಯದೊಳಗೆ ಇನ್ನೊಂದು ಸ್ವತಂತ್ರ ರಾಜ್ಯ ಕಟ್ಟಿದವಳು ನಮ್ಮ ಅತ್ತೆ! ನಮ್ಮ ಮನೆಯ ಹಿತ್ತಲೇ ಅದರ ಉದ್ದಗಲ. ಹುರುಳಿಕಾಯಿ, ಬದನೆ, ಪಡವಲ, ಕುಂಬಳ ಅದರ ಪ್ರಜೆಗಳು. ರಾಣಿಯೂ ಅವಳೇ, ಆಳೂ ಅವಳೇ. ನಗಬೇಡಿ. ಈ ರಾಜ್ಯದ ದೆಸೆಯಿಂದ ಊರಿನ ಪಟೇಲರು ನಮ್ಮ ಮನೆಗೆ ಪಂಚಾಯಿತಿ ಮಾಡಲು ಬಂದಿದ್ದರು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಹಾಸನದ ಕಡೆಯಿಂದ ಬಂದು ಹೊಳೆಯ ಮಗ್ಗುಲಲ್ಲಿ ನೆಲೆ ನಿಂತ ಒಕ್ಕಲು ಮನೆ ನಮ್ಮದು. ಅತ್ತೆಯನ್ನು ಕೊಟ್ಟ ಮನೆಯಲ್ಲಿ ಜನವೋ ಜನ. ಅಲ್ಲಿ ಒಲೆಯ ಮುಂದೆ ಕೂರುವ ಹಕ್ಕು ಅವಳ ಗಂಡನ ತಾಯಿಯದು. ಆ ಮುದುಕಿಯನ್ನು ಬಿಟ್ಟು ಬೇರೆ ಯಾರೂ ಸಾರಿಗೆ ಉಪ್ಪು ಹಾಕುವಂತಿಲ್ಲ. ಅತ್ತೆ ಅಲ್ಲಿ ಹೆಚ್ಚಿದಳು, ಅರೆದಳು, ರಾಶಿ ಪಾತ್ರೆ ತೊಳೆದಳು. ತನ್ನ ಸರದಿ ಬರುವ ಮೊದಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದಳು. ಬಂದು ನೋಡಿದರೆ ಇಲ್ಲಿನ ಒಲೆಯ ಮುಂದೆ ನನ್ನ ಅವ್ವ ಆಗಲೇ ಕೂತಾಗಿದೆ! ಒಂದು ಅಡುಗೆಮನೆಗೆ ಇಬ್ಬರು ಒಡತಿಯರಾದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ? ಅತ್ತೆ ಜಾಣೆ. ಹಿತ್ತಲ ಬಾಗಿಲು ತೆಗೆದು ಆಚೆ ಹೋದಳು, ಗುದ್ದಲಿ ಹಿಡಿದಳು.

ಅವಳ ಬೇಸಾಯ ಹೆಚ್ಚುಪಾಲು ನಿದ್ದೆಯಲ್ಲೇ ನಡೆಯುತ್ತಿತ್ತು. ಬೆಳಿಗ್ಗೆ ಹೊಳೆಯಿಂದ ಎದ್ದ ಮಂಜು ಇನ್ನೂ ಅಂಗಳ ಬಿಟ್ಟಿರುತ್ತಿರಲಿಲ್ಲ, ಅತ್ತೆ ಕಂಬಳಿ ಹೊದ್ದು ಜಗಲಿಯಲ್ಲಿ ಕೂತು ಕನಸು ಬಿಚ್ಚುತ್ತಿದ್ದಳು.

"ರಾತ್ರಿ ಕುಂಬಳದ ಬಳ್ಳಿ ಬಂದಿತ್ತು ಕಣೇ ಮಗಾ. ಕೊಟ್ಟಿಗೆ ಮೇಲೆ ಹತ್ಸು ಅಂತು."

"ಅದು ಹೇಳ್ತು ಅಂತ ಹತ್ಸಿಬಿಡ್ತೀರಾ ಅತ್ಗೆಮ್ಮ? ಹುಲ್ಲಿನ ಮಾಡು ಅದು!" ಎಂದು ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು.

"ಬಾಯಿಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನಕ್ಕಾಗ್ತದಾ ತಾಯಿ?"

ಬಳ್ಳಿ ಹತ್ತಿತು. ಹೂ ಬಿಟ್ಟಿತು. ಕಾಯಿ ಕಚ್ಚಿತು. ದಪ್ಪಗಾಯಿತು, ಇನ್ನೂ ದಪ್ಪಗಾಯಿತು. ಒಂದು ಬೆಳಿಗ್ಗೆ ಹಾಲು ಕರೆಯಲು ಹೋದ ಅವ್ವ ನೋಡುತ್ತಾಳೆ, ಮಾಡಿನಲ್ಲಿ ದೊಡ್ಡ ತೂತು, ಎಮ್ಮೆಯ ಪಕ್ಕದಲ್ಲಿ ಕುಂಬಳಕಾಯಿ! ಎಮ್ಮೆ ಅದನ್ನು ಮೂಸಿ ನೋಡುತ್ತಿತ್ತು. ಅತ್ತೆಗೆ ಖುಷಿಯೋ ಖುಷಿ. "ನೋಡಿದ್ಯಾ, ಏಣಿ ಇಕ್ಕೋ ಕೆಲ್ಸ ಉಳೀತು. ತಾನೇ ಇಳ್ಕಂಡು ಬಂದದೆ" ಎಂದಳು. ಮಾಡು ಹೊದಿಸಲು ಅಪ್ಪ ಹತ್ತಬೇಕಾಯಿತು.

ಹುರುಳಿಕಾಯಿ ಬಳ್ಳಿಗೆ ಅವಳು ಕೋಲು ನೆಡುತ್ತಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗವೇ ಸಾಕಂತೆ. ಒಮ್ಮೆ ಅಪ್ಪನ ಒಂದೇ ಒಂದು ಒಳ್ಳೆಯ ಅಂಗಿ ಎರಡು ದಿನ ಹಗ್ಗದ ಮೇಲೆ ಉಳಿಯಿತು. ಬಳ್ಳಿ ಬಂದು ಅದರ ತೋಳನ್ನು ಸುತ್ತಿಕೊಂಡಿತು. ಮಡಿಕೇರಿಯ ಕಚೇರಿಗೆ ಹೋಗಲು ಹೊರಟ ಅಪ್ಪ ಅಂಗಿ ಎಳೆಯಲು ಕೈ ಹಾಕಿದ್ದೇ ತಡ, ಅತ್ತೆ ಓಡಿಬಂದಳು.

"ಬ್ಯಾಡ ಕಣೋ! ಪಾಪ, ನಂಬ್ಕಂಡು ಹಿಡ್ಕಂಡದೆ."

"ಅಕ್ಕಯ್ಯ, ಅದು ನನ್ನ ಅಂಗಿ!"

"ನಿನಗೆ ಇನ್ನೊಂದು ಅಂಗಿ ಐತಲ್ಲ. ಅದಕ್ಕೆ ಇನ್ನೊಂದು ತೋಳು ಎಲ್ಲೈತೆ?"

ಅಪ್ಪ ಮೊಣಕೈ ಹರಿದ ಅಂಗಿಯಲ್ಲಿ ಮಡಿಕೇರಿಗೆ ಹೋದ. ಒಳ್ಳೆಯ ಅಂಗಿ ಆ ಸುಗ್ಗಿ ಮುಗಿಯುವ ತನಕ ಹಗ್ಗದ ಮೇಲೆ ನಿಂತು ಎಳೆ ಕಾಯಿಗಳನ್ನು ಹೊತ್ತಿತ್ತು. ಗಾಳಿ ಬೀಸಿದರೆ ತೋಳು ಮೆಲ್ಲಗೆ ಅಲ್ಲಾಡುತ್ತಿತ್ತು. ನಾನು ಶಾಲೆಯಿಂದ ಬಂದವಳು ಅದನ್ನೇ ನೋಡುತ್ತಾ ನಿಂತುಬಿಡುತ್ತಿದ್ದೆ.

ಇನ್ನು ಟೊಮೇಟೊ. ನಮ್ಮ ಮಳೆಗೆ ಅದು ಕೊಳೆತುಹೋಗುತ್ತದೆಂದು ಯಾರಿಗೆ ಗೊತ್ತಿಲ್ಲ? ಅತ್ತೆ ಹಳೆಯ ಕುಕ್ಕೆಗಳಿಗೆ ಮಣ್ಣು ಗೊಬ್ಬರ ತುಂಬಿ ಅದರಲ್ಲಿ ಸಸಿ ಇಟ್ಟಳು. ಬಿಸಿಲು ಇಣುಕಿದರೆ ಕುಕ್ಕೆಗಳು ಅಂಗಳಕ್ಕೆ, ಹನಿ ಬಿದ್ದರೆ ಜಗಲಿಗೆ. ಆಷಾಢದಲ್ಲಿ ಬಿಸಿಲು ಇಣುಕುವುದು ಎಷ್ಟು ಹೊತ್ತು? ಇಡೀ ದಿನ ಹೊರುವುದೇ ಕೆಲಸ! ಅಂಥದ್ದೇ ಒಂದು ಮಳೆಯಲ್ಲಿ ಅವ್ವನ ಅಣ್ಣ, ನನ್ನ ಸೋದರಮಾವ, ನೆನೆದು ತೊಪ್ಪೆಯಾಗಿ ಬಂದು ಜಗಲಿ ಹತ್ತಿದ. ಕೂರಲು ಜಾಗವಿಲ್ಲ. ಒಂದು ಕುಕ್ಕೆ ಸರಿಸಲು ಕಾಲು ಮುಂದೆ ಮಾಡಿದ.

"ಸದ್ದು ಮಾಡ್ಬೇಡಿ ಅಣ್ಣಾ, ಈಗ ತಾನೆ ಮಲಗವೆ" ಎಂದಳು ಅತ್ತೆ, ಪಿಸುಮಾತಿನಲ್ಲಿ.

ಮಾವ ತುದಿಗಾಲಲ್ಲಿ ಒಳಗೆ ಬಂದು ಭತ್ತದ ಮೂಟೆಯ ಮೇಲೆ ಕೂತು ಕಾಫಿ ಕುಡಿದ. ಮಾತನ್ನೂ ಪಿಸುಗುಟ್ಟಿಯೇ ಆಡಿದ! ಆ ಮಳೆಗಾಲದ ಇಡೀ ಬೆಳೆ ಒಂದು ಬೊಗಸೆ ಹಣ್ಣು. ಅದರಲ್ಲಿ ಅರ್ಧ ಅಳಿಲಿನ ಪಾಲಾಯಿತು.

ಇಷ್ಟೆಲ್ಲ ಬೆಳೆದರೂ ಬೆಳೆದದ್ದು ಹೋಗಿ ಸೇರುವುದು ಅವ್ವನ ಒಲೆಗೆ. ಅವ್ವನ ಅಡುಗೆ ಎಂದರೆ ಒರಳಿನ ಮುಂದೆ ಒಂದು ಗಂಟೆ ಕೂತು ಮಸಾಲೆ ಅರೆಯುವ ಅಡುಗೆ. ಅತ್ತೆಗೆ ಅದೊಂದು ಸಂಕಟ. "ಇಷ್ಟೊಂದು ಖಾರ ಸುರಿದ್ರೆ ಒಳಗಿರೋದು ಬದ್ನೆಕಾಯೋ ಕಟ್ಟಿಗೆಯೋ ಗೊತ್ತಾಗ್ತದಾ?" ಎನ್ನುವಳು. ಅವ್ವನಿಗೆ ಉರಿಯುತ್ತಿತ್ತು. ಅತ್ತೆಗೆ ಇನ್ನೂ ಒಂದು ಸಿದ್ಧಾಂತವಿತ್ತು. ಕಿತ್ತ ಹುರುಳಿಕಾಯಿಗೆ ತಾನು ಬಳ್ಳಿ ಬಿಟ್ಟಿದ್ದೇನೆಂದು ತಿಳಿಯುವ ಮೊದಲೇ ಅದು ಬೆಂದುಬಿಡಬೇಕಂತೆ! ಅಡುಗೆಮನೆಯ ತನಕ ನಡೆದರೆ ದಾರಿಯಲ್ಲೇ ಅದಕ್ಕೆ ತಿಳಿದುಹೋಗುತ್ತದಂತೆ. ಒಂದು ದಿನ ಅವ್ವನ ತಾಳ್ಮೆ ತಪ್ಪಿತು.

"ಹಂಗಾದ್ರೆ ಬಳ್ಳಿ ಬುಡಕ್ಕೇ ಒಲೆ ಇಕ್ಕಳಿ ಅತ್ಗೆಮ್ಮ!"

ಸಿಟ್ಟಿನಲ್ಲಿ ಅಂದ ಮಾತು. ಅತ್ತೆ ಒಂದು ಗಳಿಗೆ ಅವ್ವನ ಮುಖವನ್ನೇ ನೋಡಿದಳು. "ಇಕ್ಕಲಾ?" ಎಂದಳು. ಅವ್ವ ಒರಳಿಗೆ ಕೈ ಹಾಕಿದಳು. ಮಾರನೆಯ ದಿನ ಹಿತ್ತಲಿನಲ್ಲಿ, ಬಳ್ಳಿಯ ಬುಡದಲ್ಲಿ, ಹೊಳೆಯಿಂದ ತಂದ ಮೂರು ಕಲ್ಲು ಕೂತಿದ್ದವು.

ಆ ಒಲೆಯ ಅಡುಗೆಯನ್ನು ಈಗ ನೆನೆದರೆ ನಾನು ಉಂಡದ್ದೋ ಕನಸು ಕಂಡದ್ದೋ ಎಂದು ಅನುಮಾನವಾಗುತ್ತದೆ. ಮೊದಲು ನೀರು ಕುದಿಯಬೇಕು. ಆಮೇಲೆ ಅತ್ತೆ ಕೂತಲ್ಲಿಂದಲೇ ಕೈ ಚಾಚಿ ಕಾಯಿ ಕೀಳುವಳು, ಬೆರಳಿನಲ್ಲೇ ಲಟಲಟ ಮುರಿದು ಮಡಕೆಗೆ ಹಾಕುವಳು. ಉಪ್ಪು, ಜಜ್ಜಿದ ಹಸಿಮೆಣಸಿನಕಾಯಿ, ಇಳಿಸುವಾಗ ಒಂದು ಹಿಡಿ ತೆಂಗಿನತುರಿ. ಮುಗಿಯಿತು! ಪಡವಲಕಾಯಿಯ ದಿನವಾದರೆ ಮುರಿಯುವುದೂ ಬೇಡ. ಪಡವಲ ನೆಟ್ಟಗೆ ಬೆಳೆಯಲೆಂದು ಎಲ್ಲರೂ ಅದರ ತುದಿಗೆ ಕಲ್ಲು ಕಟ್ಟಿದರೆ, ಅತ್ತೆ "ಬೆಳೆಯೋ ಕೂಸಿಗೆ ಭಾರ ಕಟ್ತಾರಾ?" ಎಂದು ಬಿಟ್ಟುಬಿಟ್ಟಿದ್ದಳು. ಅವು ಬೇಕಾದಂತೆ ಸುರುಳಿ ಸುತ್ತಿಕೊಂಡಿದ್ದವು. ಹೆಚ್ಚುವ ಗೋಜಿಲ್ಲ, ಇಡೀ ಕಾಯಿ ಮಡಕೆಯೊಳಗೆ ಸುತ್ತಿ ಕೂರುತ್ತಿತ್ತು. ಮಂಜಿಗೆ ಹೊಗೆ ಮೇಲೇರದೆ ಬಳ್ಳಿಗಳ ನಡುವೆಯೇ ತಿರುಗಾಡುತ್ತಿತ್ತು. ನಾನು ಬಾಳೆಯೆಲೆಯ ಚೂರು ಹಿಡಿದು ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದೆ. ಅತ್ತೆ ಉಪ್ಪು ಹಾಕುವುದನ್ನು ನೀವು ನೋಡಬೇಕಿತ್ತು. ಮೂರು ಬೆರಳಿನಲ್ಲಿ ಹಿಡಿದು, ಒಂದು ಸಲ ಸುತ್ತ ನೋಡಿ, ಯಾರೂ ಬೇಡವೆನ್ನುವುದಿಲ್ಲ ಎಂದು ಖಾತ್ರಿಯಾದ ಮೇಲೆ ಉದುರಿಸುತ್ತಿದ್ದಳು. ಅವಳ ಮುಖ ಅಷ್ಟು ಚೆನ್ನಾಗಿ ಕಂಡದ್ದು ಆಗಲೇ.

ಆದರೆ ಊರೆಂಬುದೊಂದಿದೆಯಲ್ಲ! ನಮ್ಮವರಲ್ಲಿ ಒಂದು ಮನೆಗೆ ಒಂದೇ ಒಲೆ. ಎರಡನೆಯ ಒಲೆ ಹೊಗೆಯಾಡಿತೆಂದರೆ ಮನೆ ಒಡೆಯಿತು, ಪಾಲಾಯಿತು ಎಂದೇ ಅರ್ಥ. ಮೊದಲು ಬಂದವರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ. ಅವ್ವನ ಕೈ ಹಿಡಿದುಕೊಂಡರು.

"ಬೇಜಾರು ಮಾಡ್ಬೇಡಿ ಮಾರಾಯ್ರೆ, ಎಲ್ಲ ಮನೆಯಲ್ಲೂ ಆಗುವುದೇ. ಭಾಗ ಎಂಥ ಮಾಡಿದ್ರಿ? ಎಮ್ಮೆ ಯಾರ ಕಡೆ ಹೋಯ್ತು?"

"ಎಮ್ಮೆ ಹೊಳೆ ಕಡೆ ಹೋಯ್ತು, ಮೇಯಕ್ಕೆ" ಎಂದಳು ಅವ್ವ, ಏನೂ ತಿಳಿಯದೆ.

ಆಮೇಲೆ ಪಟೇಲರೇ ಬಂದರು, ಜೊತೆಗೆ ಇಬ್ಬರು ಹಿರಿಯರು. ಜಗಲಿಯಲ್ಲಿ ಕೂತು ಎಲೆಯಡಿಕೆ ಬಾಯಿಗಿಟ್ಟು ಗಂಟಲು ಸರಿಮಾಡಿಕೊಂಡರು. "ಏನಪ್ಪಾ, ಮಾತಾಡಿ ಬಗೆಹರಿಸ್ಕಬೋದಿತ್ತಲ್ಲ. ಒಡಹುಟ್ಟಿದೋಳು, ಗಂಡ ಇಲ್ದೋಳು. ಹಿತ್ಲಲ್ಲಿ ಬೇಯಿಸ್ಕಂಡು ತಿನ್ನಂಗೆ ಮಾಡೋದಾ?" ಅಷ್ಟರಲ್ಲಿ ಅತ್ತೆ ಹಬೆಯಾಡುವ ಹುರುಳಿಕಾಯಿಯನ್ನು ಎಲೆಗಳಲ್ಲಿ ಹಿಡಿದು ಬಂದಳು. ತನ್ನ ಅಡುಗೆಯ ಸುದ್ದಿ ಕೇಳಿ ಊರಿನ ದೊಡ್ಡವರು ರುಚಿ ನೋಡಲು ಬಂದಿದ್ದಾರೆಂದೇ ಅವಳ ನಂಬಿಕೆ! ಪಟೇಲರು ಎಲೆಯಡಿಕೆ ಉಗಿದು ತಿಂದರು. ಹಿರಿಯರೂ ತಿಂದರು. ಕೊನೆಗೆ ಪಟೇಲರು ಬೆರಳು ಚೀಪುತ್ತಾ, "ಅವ್ವಾ, ಇದರ ಬೀಜ ಒಂದ್ನಾಕು ಸಿಗ್ತದಾ?" ಎಂದರು. ಬೀಜವನ್ನು ಟವಲಿನ ತುದಿಗೆ ಗಂಟು ಕಟ್ಟಿಕೊಂಡು ಅಂಗಳ ಇಳಿದವರು ಅಪ್ಪನ ಕಿವಿಯ ಹತ್ತಿರ ಬಂದು ಹೇಳಿದರು: "ಅದೆಲ್ಲ ಸರಿ. ಆ ಒಲೆ ಆರಿಸು. ಊರು ನಿನ್ನ ಆಡ್ಕಂತಾ ಐತೆ."

ಅಪ್ಪ ಆ ದಿನ ಉಣ್ಣಲಿಲ್ಲ. ಸಂಜೆ ಹಿತ್ತಲಿಗೆ ಹೋಗಿ ಅತ್ತೆಯ ಎದುರು ನಿಂತ. "ಅಕ್ಕಯ್ಯ, ನಾನು ನಿನಗೆ ಅನ್ನ ಹಾಕ್ತಿಲ್ಲ ಅಂತದೆ ಊರು. ನಾನು ತಲೆ ಎತ್ಕಂಡು ತಿರುಗೋದು ಹೆಂಗೆ?" ಅತ್ತೆ ಜಗಳವಾಡಲಿಲ್ಲ. "ಆಯ್ತು ಕಣಪ್ಪ. ನಿನ್ನ ಮಾನಕ್ಕಿಂತ ಹುರುಳಿಕಾಯಿ ಹೆಚ್ಚಾ?" ಎಂದು ನಕ್ಕಳು. ಒಂದೊಂದೇ ಕಲ್ಲನ್ನು ಹೊತ್ತು ಹೊಳೆಯ ದಡಕ್ಕೆ ಹಾಕಿ ಬಂದಳು.

ಆಮೇಲೆ ನಮ್ಮ ಮನೆ ಎಲ್ಲರ ಮನೆಯಂತೆ ಆಯಿತು. ಇದಕ್ಕಿಂತ ದುಃಖದ ಸಂಗತಿ ಉಂಟೆ? ಅತ್ತೆ ಕನಸು ಹೇಳುವುದನ್ನು ನಿಲ್ಲಿಸಿದಳು. ಒಳಗೆ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸಿಕೊಟ್ಟಳು. ಖಾರದ ಸಾರನ್ನು ಒಂದು ಮಾತೂ ಆಡದೆ ಉಂಡಳು. ಬಳ್ಳಿಯ ಮೇಲೆ ಕಾಯಿ ಬಲಿಯುತ್ತಿತ್ತು.

"ಕಾಯಿ ಬಲೀತಾ ಐತಲ್ಲ ಅತ್ಗೆಮ್ಮ, ಕೀಳಲ್ವಾ?"

"ಬಲೀಲಿ ಬಿಡವ್ವ."

ಅವ್ವನಿಗೆ ಇದು ತಡೆಯಲಿಲ್ಲ. ಅತ್ತೆ ಮೊದಲಿನಂತೆ ಸಾರನ್ನು ಹಳಿದಿದ್ದರೆ ಅವ್ವ ಚೆನ್ನಾಗಿ ಬೈದು ಹಗುರಾಗುತ್ತಿದ್ದಳು. ಈಗ ಬೈಯುವುದಾದರೂ ಯಾರನ್ನು? ಪಾತ್ರೆಗಳನ್ನು ಕುಕ್ಕಿದಳು, ಎಮ್ಮೆಯನ್ನು ಬೈದಳು, ನನಗೂ ಎರಡು ಬಿತ್ತು. ಒಂದು ಬೆಳಿಗ್ಗೆ ಸಾರು ಕುದಿಯುತ್ತಿದ್ದಾಗ ಎದ್ದು ನಿಂತಳು. ಹೆಂಚಿನ ಚೂರೊಂದನ್ನು ತಂದು, ಒಲೆಯೊಳಗಿನ ನಿಗಿನಿಗಿ ಕೆಂಡವನ್ನು ಅದರ ಮೇಲೆ ಎಳೆದುಕೊಂಡು ಹೊರಟಳು. ಅಪ್ಪ ಜಗಲಿಯಲ್ಲಿದ್ದ.

"ಏನೇ ಅದು? ಎಲ್ಲಿಗೆ?"

"ಹಿತ್ಲಿಗೆ. ಬೆಂಕಿ ಬೇರೆ ಆದ್ರೆ ತಾನೆ ಒಲೆ ಬೇರೆ ಆಗೋದು? ಇದು ನಮ್ಮ ಒಲೆ ಕೆಂಡ. ದಿನಾ ನಾನೇ ಕೊಂಡೋಗಿ ಹಾಕ್ತೀನಿ. ಇದು ಎರಡು ಮನೆ ಅನ್ನೋರಿದ್ರೆ ನನ್ನ ಹತ್ರ ಕಳ್ಸಿ, ಪಟೇಲ್ರಾದ್ರೂ ಸರಿ!" ಅಷ್ಟು ಹೇಳಿದವಳ ದನಿ ಇಳಿಯಿತು. "ನನಗೆ ಈ ಮನೆಗೆ ಕಾಲಿಟ್ಟ ದಿನ್ವೇ ಒಲೆ ಸಿಕ್ತು. ಅವರಿಗೆ ಈ ವಯಸ್ಸಿಗೆ ಸಿಕ್ಕಿದ್ದು ಮೂರು ಕಲ್ಲು. ಅದನ್ನೂ ಕಿತ್ಕಂಡ್ವಲ್ಲ ನಾವು."

ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಹೊಳೆಯ ಕಡೆ ಹೋದ. ಬರುವಾಗ ಎದೆಗವಚಿಕೊಂಡು ಕಲ್ಲು ತಂದ, ಮತ್ತೆ ಹೋದ, ಮತ್ತೆ ತಂದ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅದು ಬಲೇ ದೊಡ್ಡದಾಯ್ತು ಕಣೋ, ಮಡಕೆ ನಿಲ್ಲಲ್ಲ" ಎಂದಳು, ತಡೆಯಲಾರದೆ. ಅಪ್ಪ ಅದನ್ನು ಹೊತ್ತುಕೊಂಡು ಹೋಗಿ ಬದಲಾಯಿಸಿಕೊಂಡು ಬಂದ. ಅವ್ವ ಕೆಂಡ ಸುರಿದು ಊದಿದಳು. ಅತ್ತೆ ನೀರಿಟ್ಟಳು. ಬಲಿತ ಕಾಯಿಗಳ ನಡುವೆ ಹುಡುಕಿ ಹುಡುಕಿ ಎಳೆಯದನ್ನು ಕಿತ್ತಳು.

ಬೆಂದ ಮೇಲೆ ನಾವೆಲ್ಲ ಎಲೆ ಹಿಡಿದು ಸುತ್ತ ಕೂತೆವು. ಅವ್ವ ತನ್ನ ಪಾಡಿಗೆ ಒಳಗೆ ಹೊರಟಿದ್ದಳು, ಸಾರು ಸೀದೀತೆಂದು.

"ಎಲ್ಲಿ ಹೊಂಟೆ? ಬಾರವ್ವ, ಊಟಕ್ಕೆ" ಎಂದಳು ಅತ್ತೆ.

ಅವ್ವ ನಿಂತಳು. ದಿನಾ ನಮ್ಮನ್ನೆಲ್ಲ ಊಟಕ್ಕೆ ಕರೆಯುವವಳು ಅವ್ವ. ಅವಳನ್ನು ಯಾರಾದರೂ ಕರೆದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲವೇನೋ. ಮೆಲ್ಲನೆ ಬಂದು ನೆಲದ ಮೇಲೆ ಕೂತಳು. ಅತ್ತೆ ಮೊದಲ ಸೌಟನ್ನು ಅವಳ ಎಲೆಗೆ ಹಾಕಿದಳು. ಅವ್ವ ತಲೆ ಬಗ್ಗಿಸಿಕೊಂಡು ಉಂಡಳು, ಚೆನ್ನಾಗಿದೆ ಎನ್ನಲಿಲ್ಲ. ಉಂಡು ಮುಗಿಸಿ ಎಲೆಯನ್ನು ಮುಂದೆ ಸರಿಸಿದಳು.

"ಅತ್ಗೆಮ್ಮ, ಇನ್ನೊಂಚೂರು ಹಾಕಿ."