ಕಡ ಕೊಟ್ಟ ಹೆಸರು

ಉಳವಪ್ಪ ತೀರಿಕೊಂಡ ಸುದ್ದಿಯನ್ನು ಸುಳ್ಳ ಎಂಬ ಊರಿನಲ್ಲಿ ಮೊಟ್ಟಮೊದಲು ಕೇಳಿದವನು ಉಳವಪ್ಪನೇ.

ಜರ್ಮನಿ ಯುದ್ಧದ ಐದನೆಯ ವರ್ಷ. ಅವನು ಮನೆಯ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಅಂಚೆಯ ಗೌಸಸಾಬ ಸೈಕಲ್ಲನ್ನು ಗೋಡೆಗೆ ಒರಗಿಸಿ, ಸರಕಾರಿ ಮುದ್ರೆಯ ಲಕೋಟೆ ಒಡೆದು, ಎರಡು ಸಲ ಮನಸ್ಸಿನಲ್ಲೇ ಓದಿಕೊಂಡ.

“ಉಳವಪ್ಪಾ, ನೀ ಬ್ರಹ್ಮದೇಶದ ದಂಡಿನಾಗ ತೀರಿಕೊಂಡೀಯಂತಲ್ಲೋ!”

“ನಾ ಧಾರವಾಡ ದಾಟಿ ಹೋದಾಂವಲ್ಲ ಸಾಬರ, ಅಷ್ಟ ದೂರ ಹೋಗಿ ಯಾಕ ಸಾಯಲಿ?” ಎಂದು ಉಳವಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು.

ಅವನ ಅಣ್ಣ ಮೈಲಾರಪ್ಪನಿಗೆ ಮೋಟಾರು ನಡೆಸುವ ಹುಚ್ಚು. ದಂಡಿಗೆ ಸೇರಿದರೆ ಕಲಿಸುತ್ತಾರೆ, ಆದರೆ ನಾಲ್ಕನೆಯ ಇಯತ್ತೆ ಪಾಸಾಗಿರಬೇಕು ಎಂದು ಕೇಳಿ ಬಂದಿದ್ದ. ಅಣ್ಣ ಶಾಲೆಯ ಹೊಸ್ತಿಲು ತುಳಿದವನಲ್ಲ. ಎರಡು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಕುಳಿತು, “ತಮ್ಮಾ, ನಿನ್ನ ಸಾಲಿ ದಾಖಲೆ ಕೊಡು. ಹೆಸರ ಕಡ ಕೊಡು, ಅಷ್ಟಽ. ಯುದ್ಧ ಮುಗದ ಮ್ಯಾಲ ತಿರುಗಿ ಕೊಡ್ತೀನಿ” ಎಂದಿದ್ದ. ಉಳವಪ್ಪ ದಾಖಲೆ ಕೊಟ್ಟು, ‘ಉಳವಪ್ಪ’ ಎಂದು ಸಹಿ ಮಾಡುವುದನ್ನೂ ಮೂರು ದಿನ ಕೂತು ಕಲಿಸಿದ್ದ.

ಒಳಗೆ ಅತ್ತಿಗೆ ಬೀರವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆ ಸದ್ದನ್ನು ನಿಲ್ಲಿಸುವ ಮಾತು ತನ್ನ ಬಾಯಿಂದಲೇ ಹೊರಡಬೇಕಲ್ಲ ಎಂದು ಉಳವಪ್ಪ ಬಹಳ ಹೊತ್ತು ಕಟ್ಟೆ ಬಿಟ್ಟು ಏಳಲಿಲ್ಲ.

ಎರಡು ತಿಂಗಳ ಮೇಲೆ ಇನ್ನೊಂದು ಕಾಗದ ಬಂತು. ದಂಡಿನಲ್ಲಿ ಮಡಿದ ಉಳವಪ್ಪನ ವಿಧವೆಗೆ ಪಿಂಚಣಿ ಇದೆ, ಧಾರವಾಡದ ಕಚೇರಿಗೆ ಬರಬೇಕು ಎಂದು. ಬೀರವ್ವನಿಗೂ ಅವಳ ಮೂರು ವರ್ಷದ ಮಗಳಿಗೂ ಇನ್ನು ಅದೇ ಆಸರೆ. ನೆರೆಮನೆಯ ಯಾಕೂಬಸಾಬ ತಾನೂ ಬರುತ್ತೇನೆಂದು ಹೊರಟ. ಅವನ ಕಸುಬು ಪಾತ್ರೆಗೆ ಕಲಾಯಿ ಹಾಕುವುದು. ಎರಡು ಸಲ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದರಿಂದ ತಾನು ಅರ್ಧ ವಕೀಲನೆಂದು ಅವನ ನಂಬಿಕೆ.

ರೈಲಿನಲ್ಲಿ ಅವನು ಪಾಠ ಶುರುಮಾಡಿದ. “ಇವತ್ತ ನೀ ಉಳವಪ್ಪ ಅಲ್ಲ, ಮೈಲಾರಪ್ಪ. ಖರೇ ಹೇಳಿದ್ರ ಪಿಂಚಣಿನೂ ಹೋತು, ಮ್ಯಾಲ ಜೇಲು. ಯಾರರ ‘ಉಳವಪ್ಪಾ’ ಅಂದ್ರ ಕಿವುಡನಂಗ ಕುಂದ್ರು.”

“ಸುಳ್ಳ ಹೇಳಾಕ ನಾಲಿಗಿ ಹೊಳ್ಳೂದಿಲ್ಲೋ ಕಾಕಾ.”

“ನಮ್ಮ ಊರ ಹೆಸರಽ ಸುಳ್ಳ. ನಿನ್ನ ನಾಲಿಗಿಗೇನು ಧಾಡಿ?”

ಬೀರವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕಚೇರಿಯಲ್ಲಿ ಪಟ್ಟೇವಾಲ ಬಾಗಿಲಿಗೆ ಬಂದು, “ಸುಳ್ಳದ ಉಳವಪ್ಪ!” ಎಂದು ಕೂಗಿದ.

“ಬಂದೇನ್ರಿ!” ಎಂದು ಉಳವಪ್ಪ ಎದ್ದು ನಿಂತ. ಯಾಕೂಬಸಾಬ ಧೋತರ ಹಿಡಿದು ಜಗ್ಗಿದ.

ಗುಮಾಸ್ತ ಫಕೀರಪ್ಪ ಕನ್ನಡಕದ ಮೇಲಿಂದ ನೋಡಿದರು. “ತೀರಿಕೊಂಡಾಂವ ಖುದ್ದ ಹಾಜರಾಗ್ಯಾನೇನು?”

“ಅಲ್ರಿ, ನಾ ಅವನ ತಮ್ಮರಿ... ಅಣ್ಣರಿ... ಮೈಲಾರಪ್ಪರಿ.”

ಅಷ್ಟರಲ್ಲಿ ಹೊಲದ ಕಾಗದಪತ್ರದ ಕೆಲಸಕ್ಕೆ ಕಚೇರಿಗೆ ಬಂದಿದ್ದ ಅವರ ಊರಿನ ಗಂಗಪ್ಪ ಪಡಸಾಲೆಯಿಂದಲೇ ಕೂಗಿದ. “ಏ ಉಳವಪ್ಪಾ! ಬೀಡಿ ಐತೇನೋ?”

ಉಳವಪ್ಪ ಗುಡಿಯ ಮುಂದಿನ ಬಸವಣ್ಣನ ಹಾಗೆ ಕದಲದೆ ಕುಳಿತ. ಗಂಗಪ್ಪ ಒಳಗೇ ಬಂದು ಭುಜ ಅಲುಗಾಡಿಸಿದ. “ಕಿವಿ ಕೆಟ್ಟಾವೇನೋ ಉಳವಪ್ಪಾ?”

“ಬಿಡೋ ಮಾರಾಯಾ,” ಎಂದ ಯಾಕೂಬಸಾಬ, “ಸತ್ತ ತಮ್ಮನ ಹೆಸರ ಕೇಳಿದ್ರ ಅವನ ಎದಿ ಒಡೀತೈತಿ.”

“ತಮ್ಮಂದ್ಯಾಕ? ಅದು ಅವಂದಽ ಹೆಸರಲ್ಲೇನು?”

ಫಕೀರಪ್ಪನವರ ಲೇಖನಿ ಅರ್ಧ ಅಕ್ಷರಕ್ಕೆ ನಿಂತಿತು. “ನೀವೆಲ್ಲಾ ಸುಮ್ಮನಿರ್ರಿ. ತಂಗೀ, ನೀ ಹೇಳು. ಗಂಡನ ಹೆಸರೇನು?”

ಬೀರವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೆ? ಈ ಪದ್ಧತಿ ಮಾಡಿದ ಹಿರಿಯರಿಗೆ ಉಳವಪ್ಪ ಮನಸ್ಸಿನಲ್ಲೇ ಕೈಮುಗಿದ.

“ಹೆಂಡತಿ ಬಾಯಿಂದಽ ಬರಬೇಕವ್ವಾ, ಕಾಯ್ದೆ ಹಂಗದ,” ಎಂದರು ಫಕೀರಪ್ಪ. “ಲಗ್ನದಾಗ ಒಡಪು ಹಾಕಿ ಹೇಳಿರತೀಯಲ್ಲ, ಹಂಗಽ ಹೇಳು.”

“ಉಳವಪ್ಪ ಅನ್ನವ್ವಾ,” ಎಂದು ಯಾಕೂಬಸಾಬ ಪಿಸುಗುಟ್ಟಿದ.

ಬೀರವ್ವ ಮೈದುನನ ಮುಖ ನೋಡಿದಳು. ತಾನು ಮದುವೆಯಾಗಿ ಬಂದಾಗ ಮೂಗು ಒರೆಸಿ ಉಣ್ಣಲಿಕ್ಕೆ ಹಾಕಿದ ಹುಡುಗ ಇವನು. ಇವನ ಹೆಸರನ್ನು ಗಂಡನ ಹೆಸರೆಂದು ಹೇಗೆ ಹೇಳಿಯಾಳು? ಅವಳು ಗಂಟಲು ಸರಿಮಾಡಿಕೊಂಡು, ಮದುವೆಯ ದಿನ ಹೇಳಿದ್ದನ್ನೇ ಹೇಳಿದಳು:

“ಹತ್ತಿ ಹೊಸೆದು ಬತ್ತಿ ಮಾಡಿ ಹಚ್ಚೇನಿ ದೀಪ,
ಮೈಲಾರಪ್ಪನವರಿಗೆ ಬಾರದಿರಲಿ ನನ್ನ ಮ್ಯಾಲ ಕೋಪ.”

ಮದುವೆಯ ದಿನ ಚಪ್ಪರವೆಲ್ಲ ನಕ್ಕಿತ್ತು. ಇಲ್ಲಿ ಯಾರೂ ನಗಲಿಲ್ಲ. ಯಾಕೂಬಸಾಬ ತಲೆಯ ಮೇಲೆ ಕೈ ಹೊತ್ತು ಕುಳಿತ.

“ಹಂಗಾದ್ರ ಉಳವಪ್ಪ ಯಾರು?”

“ನಾನಽರಿ,” ಎಂದು ಉಳವಪ್ಪ ಎದ್ದು ಎಲ್ಲವನ್ನೂ ಹೇಳಿಬಿಟ್ಟ. “ನಾ ದಾಖಲೆ ಕೊಡದಿದ್ರ ಅಣ್ಣ ಇವತ್ತ ಮನ್ಯಾಗ ಇರತಿದ್ನರಿ. ನನ್ನ ಜೇಲಿಗೆ ಕಳಸ್ರಿ. ನಮ್ಮ ಅತ್ತಿಗಿ ಪಿಂಚಣಿ ಮಾತ್ರ ತಡೀಬ್ಯಾಡ್ರಿ.”

ಫಕೀರಪ್ಪ ಕನ್ನಡಕ ತೆಗೆದು ಒರೆಸಿದರು. “ಹೆಸರ ಯಾರದರ ಇರಲಿ, ಸತ್ತಾಂವ ಈಕಿ ಗಂಡನಽ ಹೌದಲ್ಲ? ‘ಉಳವಪ್ಪ ಉರ್ಫ್ ಮೈಲಾರಪ್ಪ’ ಅಂತ ಬರೀತೀನಿ. ಮ್ಯಾಲಿನವರಿಗೆ ನಾ ತಿಳಿಸಿ ಹೇಳ್ತೀನಿ. ಇಂಥಾದ್ದು ಈ ತಿಂಗಳಾಗ ಇದು ಮೂರನೇದು.”

ಬೀರವ್ವ ಹೆಬ್ಬೆಟ್ಟು ಒತ್ತಿದಳು. ನೊಗ ಇಳಿಸಿದ ಎತ್ತಿನಂತೆ ಉಳವಪ್ಪನ ಹೆಗಲು ಹಗುರಾಯಿತು.

“ಹಂಗಾದ್ರ ನಾವು ಬರೂಣ್ರಿ?”

“ನಿಲ್ಲು. ನಿನ್ನ ಹೆಸರೇನಂದಿ?”

“ಉಳವಪ್ಪರಿ.”

“ಉಳವಪ್ಪ ತೀರಿಕೊಂಡಾನ. ಈಗಽ ಬರದೇನಿ, ಮಸಿ ಇನ್ನೂ ಆರಿಲ್ಲ.”

“ಹಂಗಾದ್ರ... ಮೈಲಾರಪ್ಪ ಅಂತ ಇರಲೇನ್ರಿ?”

“ಅಂವನೂ ತೀರಿಕೊಂಡಾನ. ಸಕ್ಕರಿ ಚೀಟಿ, ಎಣ್ಣಿ ಚೀಟಿ ಮ್ಯಾಲ ಎರಡೂ ಹೆಸರ ಹೊಡದ ಹಾಕಬೇಕಾಗ್ತದ. ನೀ ಜೀವಂತ ಇದ್ದಿ ಅನ್ನೂದಕ್ಕ ಒಂದು ದಾಖಲೆ ತಾ, ಸರಿಮಾಡಿ ಕೊಡ್ತೀನಿ.”

“ಯಾವ ದಾಖಲೆರಿ?”

“ಸಾಲಿ ದಾಖಲೆ ಇದ್ರ ಸಾಕು.”

ಉಳವಪ್ಪ ಯಾಕೂಬಸಾಬನ ಮುಖ ನೋಡಿದ. ಅರ್ಧ ವಕೀಲ ಕಿಟಕಿಯ ಹೊರಗಿನ ಬೇವಿನಗಿಡ ನೋಡುತ್ತಿದ್ದ.

ಸಂಜೆ ಊರಿಗೆ ಬಂದವರು ಮನೆಗೆ ಹೋಗದೆ ನೇರ ಬೀರದೇವರ ಗುಡಿಗೆ ಹೋದರು. ಯಾಕೂಬಸಾಬ ಮೆಟ್ಟಿಲ ಹತ್ತಿರ ನಿಂತ. ಬೀರವ್ವ ದೀಪ ಹಚ್ಚಿದಳು.

“ನಿನ್ನ ಹೆಸರ ತಿರುಗಿ ಸಿಗಲಿಲ್ಲಲ್ಲೋ ತಮ್ಮಾ,” ಎಂದಳು.

“ಇರಲಿ ಬಿಡ ಅತ್ತಿಗೀ. ಅಣ್ಣಗ ದಾರ್ಯಾಗ ಬೇಕಾದೀತು.”

ಪೂಜಾರಿ ಭಂಡಾರದ ಅರಿಸಿನ ಹಿಡಿದುಕೊಂಡು, “ಯಾರ ಹೆಸರಲೆ ಬೇಡ್ಕೊಳ್ಳಲಿ?” ಎಂದು ಕೇಳಿದ. ಉಳವಪ್ಪ ತಾನೇ ಕೈಮುಗಿದು ಕಣ್ಣು ಮುಚ್ಚಿದ.

“ದೇವರೇ, ನಿನ್ನ ಬಾಗಲಿಗೆ ನಮ್ಮ ಮನಿಯಾಂವ ಒಬ್ಬ ಬಂದಾನ. ಉಳವಪ್ಪ ಅಂತ ಹೇಳ್ಯಾನು, ಮೈಲಾರಪ್ಪ ಅಂತ ಹೇಳ್ಯಾನು. ನೀನರ ದಾಖಲೆ ಕೇಳಬ್ಯಾಡಪ್ಪಾ. ಒಳಗ ಕರಕೋ. ಆ ಜೀವಕ್ಕ ಶಾಂತಿ ಕೊಡು.”