ಕಣ್ಣಂದಾಜಿನ ದೊಡ್ಡಪ್ಪ ಮತ್ತು ಮುಂಗಡ ತೆರಿಗೆ

ನಮ್ಮ ದೊಡ್ಡಪ್ಪ ತಕ್ಕಡಿಯನ್ನು ನಂಬುತ್ತಿರಲಿಲ್ಲ. ತಕ್ಕಡಿಗೆ ತುಕ್ಕು ಹಿಡಿಯಬಹುದು, ಮುಳ್ಳು ಸಡಿಲವಾಗಬಹುದು, ಹಿಡಿದವನ ಕೈ ಅಲುಗಬಹುದು. ತಮ್ಮ ಕಣ್ಣಿಗೆ ಮಾತ್ರ ಇಂಥ ಯಾವ ರೋಗವೂ ಇಲ್ಲವೆಂದು ಅವರು ಚನ್ನಗಿರಿಯ ಪೇಟೆಯಲ್ಲಿ ಮೂವತ್ತು ವರ್ಷ ಹೇಳಿಕೊಂಡು ತಿರುಗಿದರು. ಬರೀ ಜಂಬ ಅಂದುಕೊಳ್ಳಬೇಡಿ. ಅವರು ಹೇಳಿದ್ದು ನಿಜವಾಗಿಬಿಡುತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ!

ಅವರದು ಚೇಣಿ ವ್ಯಾಪಾರ. ಅಡಿಕೆ ಇನ್ನೂ ಮರದ ಮೇಲಿರುವಾಗಲೇ ಇಡೀ ತೋಟದ ಫಸಲಿಗೆ ಇಷ್ಟು ರೂಪಾಯಿ ಎಂದು ಮಾತಾಡಿ, ಆಮೇಲೆ ಕೊಯ್ದು, ಬೇಯಿಸಿ, ಒಣಗಿಸಿ ಮಾರುವುದು. ಕತ್ತೆತ್ತಿ ಗೊನೆ ನೋಡಿ ಎಷ್ಟು ಕ್ವಿಂಟಾಲ್ ಎಂದು ಅಂದಾಜು ಹಾಕಬೇಕು. ಅಂದಾಜು ತಪ್ಪಿದರೆ ಮನೆ ಮುಳುಗಿದಂತೆ. ದೊಡ್ಡಪ್ಪನ ಅಂದಾಜು ಅರ್ಧ ಕ್ವಿಂಟಾಲ್ ಕೂಡ ಆಚೀಚೆ ಆಗುತ್ತಿರಲಿಲ್ಲ.

ಈ ವಿದ್ಯೆಯನ್ನು ಅವರು ತೋಟದಲ್ಲೇ ಬಿಟ್ಟು ಬಂದಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಒಮ್ಮೆ ಡಾಕ್ಟರು ತೂಕದ ಯಂತ್ರ ಹತ್ತಿಸಿದಾಗ, ಅರವತ್ತೆಂಟು ಎಂದು ಮೊದಲೇ ಹೇಳಿ ಹತ್ತಿದರು. ಮುಳ್ಳು ಅರವತ್ತೈದಕ್ಕೆ ನಿಂತಿತು. ಮೊದಲು ಯಂತ್ರಕ್ಕೆ ಔಷಧಿ ಕೊಡಿ, ಆಮೇಲೆ ನನಗೆ ಕೊಡುವಿರಂತೆ ಎಂದು ಇಳಿದು ಬಂದರು. ಡಾಕ್ಟರು ನಕ್ಕರು. ಮರುವಾರ ರಿಪೇರಿಯವನು ಬಂದು, ಯಂತ್ರ ಮೂರು ಕಿಲೋ ಕಡಿಮೆ ತೋರಿಸುತ್ತಿದೆ ಎಂದ ಮೇಲೆ ನಗಲಿಲ್ಲ. ಅದೇ ಯಂತ್ರ ಹತ್ತಿ, ತೆಳ್ಳಗಾದೆವೆಂದು ಹಿಗ್ಗಿದ್ದ ನಮ್ಮ ಬೀದಿಯ ಹೆಂಗಸರೂ ನಗಲಿಲ್ಲ.

ನ್ಯಾಮತಿಗೆ ನಮ್ಮಕ್ಕನಿಗಾಗಿ ಗಂಡು ನೋಡಲು ಹೋದಾಗಲೂ ಹೀಗೇ ಆಯಿತು. ಹುಡುಗನಿಗೆ ಇಪ್ಪತ್ತೆಂಟು ಎಂದು ಅವರ ಕಡೆಯವರು ಹೇಳಿದ್ದರು. ದೊಡ್ಡಪ್ಪ ಅವನನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಗೊನೆ ನೋಡಿದಂತೆ ನೋಡಿ, ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಮೂವತ್ನಾಲ್ಕು ಎಂದರು. ಹುಡುಗನ ಸೋದರಮಾವ ಬಹಳ ಹೊತ್ತು ಕೆಮ್ಮಿದರು.

“ಮೂವತ್ನಾಕು ಇನ್ನೂ ತುಂಬಿಲ್ರೀ,” ಎಂದರು ಕೊನೆಗೆ. “ಬರೋ ಶ್ರಾವಣಕ್ಕೆ ತುಂಬ್ತಾವೆ.”

ಸಂಬಂಧ ಅಲ್ಲಿಗೇ ನಿಂತಿತು. ಅಕ್ಕನಿಗೂ ಆ ಹುಡುಗ ಬೇಕಿರಲಿಲ್ಲವಂತೆ. ಅಂದಿನಿಂದ ದೊಡ್ಡಪ್ಪನ ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚು ಬೀಳತೊಡಗಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವರ್ಷ, ದೊಡ್ಡಪ್ಪ ನಾಲ್ಕು ತೋಟಗಳ ಚೇಣಿ ಮಾಡಿ ತಿಂಗಳು ಕಳೆಯುವುದರೊಳಗೆ ಅಡಿಕೆಯ ಧಾರಣೆ ಏರಿತು. ಏರಿದ್ದು ಆ ವರ್ಷವಿಡೀ ಇಳಿಯಲೇ ಇಲ್ಲ. ಅವರು ಜನ್ಮದಲ್ಲಿ ಕಾಣದಷ್ಟು ದುಡ್ಡು ಕಂಡರು. ಅದಕ್ಕೆ ತಕ್ಕಂತೆ ಆದಾಯ ತೆರಿಗೆಯನ್ನೂ ಕಟ್ಟಿದರು. ಕಟ್ಟಿ ಸುಮ್ಮನಿರಬಾರದೇ? ಚಲನ್ನಿಗೆ ಗಾಜಿನ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದರು!

ಮರುವರ್ಷ ತೆರಿಗೆ ಕಚೇರಿಯಿಂದ ಕಾಗದ ಬಂತು. ಹೋದ ವರ್ಷದ ಆದಾಯವೇ ಈ ವರ್ಷವೂ ಬರುತ್ತದೆಂದು ಹಿಡಿದು, ಮೂರು ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು ಎಂದಿತ್ತು. ಧಾರಣೆಯೋ, ಅಷ್ಟು ಹೊತ್ತಿಗೆ ಬಿದ್ದು ಮಲಗಿತ್ತು. ನಮ್ಮ ಟ್ಯಾಕ್ಸ್ ವಕೀಲರು, ಈ ವರ್ಷ ಆದಾಯ ಇಷ್ಟೇ ಎಂದು ಅಂದಾಜುಪಟ್ಟಿ ಬರೆದುಕೊಟ್ಟರೆ ಕಂತು ಇಳಿಯುತ್ತದೆ ಎಂದರು. ಕಡಿಮೆ ಎಂದು ಬರೆದುಕೊಡಲು ನಾವೇನು ದಿವಾಳಿ ಎದ್ದಿದ್ದೇವೆಯೇ ಎಂದು ದೊಡ್ಡಪ್ಪ ಅವರನ್ನೇ ಕೇಳಿದರು. ಎರಡು ಕಂತುಗಳನ್ನು ಠೀವಿಯಿಂದ ಕಟ್ಟಿಯೂಬಿಟ್ಟರು. ಮೂರನೆಯದಕ್ಕೆ ದೊಡ್ಡಮ್ಮನ ಅವಲಕ್ಕಿ ಸರಕ್ಕೆ ಕೈ ಹಾಕಬೇಕಾಗಿ ಬಂದಾಗ, ದೊಡ್ಡಮ್ಮ ಸರ ಬಿಚ್ಚಿ ಕೊಡುವ ಬದಲು ವಕೀಲರಿಗೆ ಹೇಳಿ ಕಳಿಸಿದರು.

ನಾನು ಆಗಷ್ಟೇ ಟೈಪಿಂಗ್ ಪಾಸಾಗಿದ್ದೆ. ಅಂದಾಜುಪಟ್ಟಿಯನ್ನು ಟೈಪು ಮಾಡಲು ನನ್ನನ್ನೇ ಕೂರಿಸಿದರು. ಕೊಯ್ಲು ಮುಗಿದಿತ್ತು. ವಕೀಲರು ಲೆಕ್ಕದ ಪುಸ್ತಕ ತಿರುವಿದರು. ಈ ವರ್ಷವೂ ಚೇಣಿ ಅದೇ ನಾಲ್ಕು ತೋಟಗಳದು. ಮೂರು ತೋಟಗಳಲ್ಲಿ ದೊಡ್ಡಪ್ಪ ಹೇಳಿದಷ್ಟೇ ಅಡಿಕೆ ಬಂದಿತ್ತು. ನಾಲ್ಕನೆಯದು ಉಬ್ರಾಣಿಯ ಹಾಲಮ್ಮನ ತೋಟ. ಗಂಡ ಸತ್ತ ಮೇಲೆ ಆಕೆ ಒಬ್ಬಳೇ ನೋಡಿಕೊಂಡಿದ್ದ ತೋಟವದು. ಅದಕ್ಕೆ ಹದಿನೆಂಟು ಕ್ವಿಂಟಾಲ್ ಎಂದು ಹಿಡಿದು ದುಡ್ಡು ಕೊಟ್ಟಿದ್ದರು, ಬಂದದ್ದು ಹನ್ನೊಂದು. ಲಾಭವನ್ನೆಲ್ಲ ಆ ಒಂದು ತೋಟವೇ ನುಂಗಿತ್ತು.

“ಇದೇನ್ರೀ ಇದು?” ಎಂದರು ವಕೀಲರು. “ಆಫೀಸರು ಕಾರಣ ಕೇಳಿದ್ರೆ ಏನಂತ ಹೇಳೋಣ?”

ದೊಡ್ಡಪ್ಪ ನನ್ನ ಟೈಪ್‌ರೈಟರಿನ ಕಡೆ ಕೈ ತೋರಿಸಿದರು. “ಕಣ್ಣು ಮಂಜಾಗೈತೆ. ಅಂದಾಜು ತಪ್ತು. ಹಂಗೇ ಬರೀರಿ.”

ನಾನೂ ವಕೀಲರೂ ಮುಖ ಮುಖ ನೋಡಿಕೊಂಡೆವು. ಆ ಸಾಲಿನಲ್ಲಿ ನನ್ನಿಂದ ಮೂರು ತಪ್ಪಾದವು.

ಅಂದಾಜುಪಟ್ಟಿ ಕೊಡಲು ದೊಡ್ಡಪ್ಪನೂ ನಾನೂ ದಾವಣಗೆರೆಗೆ ಹೋದೆವು. ಆಫೀಸರು ಓದಿ ನೋಡಿ, ದೊಡ್ಡಪ್ಪನ ವಯಸ್ಸು ಕೇಳಿ, ಒಳ್ಳೆಯ ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಮರುಕದಿಂದ ಹೇಳಿದರು. ಇನ್ನು ಭೂಕಂಪವಾಗುತ್ತದೆಂದು ನಾನು ಕುರ್ಚಿ ಹಿಡಿದುಕೊಂಡೆ. ದೊಡ್ಡಪ್ಪ ಆಗಲಿ ಸ್ವಾಮಿ ಎಂದು ಕೈಮುಗಿದು ಹೊರಬಂದರು. ಮೂರನೆಯ ಕಂತು ತಪ್ಪಿತು, ಸರ ಉಳಿಯಿತು.

ಬಸ್ ಸ್ಟ್ಯಾಂಡಿನ ಗೇಟು ದಾಟುವ ಮೊದಲೇ ದೊಡ್ಡಪ್ಪ, ಆ ತುದಿಯಲ್ಲಿ ನಿಂತಿರುವುದು ಚನ್ನಗಿರಿ ಬಸ್ಸು, ಹಿಂದೆ ಎರಡು ಸೀಟು ಖಾಲಿ ಇವೆ, ಓಡು ಎಂದರು. ನನಗೆ ಬೋರ್ಡು ಕೂಡ ಕಾಣುತ್ತಿರಲಿಲ್ಲ! ಹತ್ತಿರ ಹೋಗಿ ನೋಡಿದರೆ ಅದು ಚನ್ನಗಿರಿ ಬಸ್ಸೇ; ಸೀಟು ಎರಡೇ.

ಕೂತ ಮೇಲೆ, ಹಾಲಮ್ಮನ ತೋಟದಲ್ಲಿ ಮಾತ್ರ ಕಣ್ಣು ತಪ್ಪಿದ್ದು ಹೇಗೆ ಎಂದು ಕೇಳಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

“ಹೋದ ವರ್ಷ ಆಕಿ ಪಂಪಿನ ಮೋಟ್ರು ಸುಟ್ಟಿತ್ತು. ದುಡ್ಡಿನ ಅವಸರ ಐತೆ ಅಂತ ನಾನು ಅಂದ ರೇಟಿಗೇ ಒಪ್ಕೊಂಡ್ಲು. ಧಾರಣೆ ಏರೋ ಹಂಗೈತೆ ಅಂತ ನನಗೆ ಗೊತ್ತಿತ್ತವ್ವ. ಒಂದು ತಿಂಗಳು ತಡಿ ಅಂತ ಹೇಳ್ಬೋದಿತ್ತು. ಹೇಳ್ಲಿಲ್ಲ.”

ಹಾಗಾದರೆ ದುಡ್ಡನ್ನು ಕೈಯಲ್ಲೇ ಕೊಡಬಹುದಿತ್ತಲ್ಲ ಎಂದೆ.

“ದಾನ ಮಾಡಾಕೆ ಬಂದಾನೆ ಅಂತ ಬಾಗ್ಲು ಹಾಕ್ಕಂತಾಳೆ. ಅಂದಾಜು ತಪ್ತು ಅಂದ್ರೆ ವ್ಯಾಪಾರ. ಅದಕ್ಕೇನೂ ಅನ್ನಂಗಿಲ್ಲ.”

ಈ ಮಾತು ಮನೆಯಲ್ಲಿ ಯಾರಿಗೂ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡರು. ಪೇಟೆಯಲ್ಲಿ ಸುದ್ದಿ ಹಬ್ಬಿತು. ಅವರ ಕಣ್ಣು ಹೋಯಿತೆಂದು ಎದುರಿಗೇ ಆಡಿಕೊಂಡವರಿಗೂ ದೊಡ್ಡಪ್ಪ ಹೌದೆಂದು ತಲೆಯಾಡಿಸಿದರು. ಸುದ್ದಿ ಉಬ್ರಾಣಿಗೂ ಮುಟ್ಟಿತು. ಮುಂದಿನ ಸೋಮವಾರ ಬಸ್ಸಿನ ಕಂಡಕ್ಟರು ಒಂದು ಕಟ್ಟು ಹೊನಗೊನ್ನೆ ಸೊಪ್ಪು ತಂದು ಅಂಗಡಿಯ ಜಗುಲಿಯಲ್ಲಿಟ್ಟ. ಹಾಲಮ್ಮ ಕೊಟ್ಟು ಕಳಿಸಿದ್ದಳು. ಈ ಸೊಪ್ಪು ಕಣ್ಣಿಗೆ ಬಹಳ ಒಳ್ಳೆಯದಂತೆ, ವಾರ ತಪ್ಪದೆ ತಿನ್ನಬೇಕಂತೆ, ತನ್ನ ತೋಟದಿಂದ ಯಜಮಾನರಿಗೆ ನಷ್ಟವಾಯಿತೆಂದು ಆಕೆಗೆ ಊಟ ಸೇರುತ್ತಿಲ್ಲವಂತೆ.

ದೊಡ್ಡಪ್ಪ ಜನ್ಮದಲ್ಲಿ ಸೊಪ್ಪು ಮುಟ್ಟಿದವರಲ್ಲ. ಅಂದು ದೊಡ್ಡಮ್ಮ ಅನುಮಾನಿಸುತ್ತಲೇ ಪಲ್ಯ ಬಡಿಸಿದರು. ಅವರು ತಲೆ ಬಗ್ಗಿಸಿ ಅಷ್ಟನ್ನೂ ತಿಂದು, ಇನ್ನೊಂದು ಸ್ವಲ್ಪ ಹಾಕು ಎಂದು ತಟ್ಟೆ ಮುಂದೆ ಹಿಡಿದರು.