ಮಾವನ ಪ್ರಶಸ್ತಿ, ನನ್ನ ಟೈಪು

ನನ್ನ ಸೋದರಮಾವನಿಗೆ ವಿಜ್ಞಾನದ ಪ್ರಶಸ್ತಿ ಬಂದದ್ದೇನೂ ಪವಾಡವಲ್ಲ. ಅದು ಬರುವ ತನಕ ನಾನು ಬದುಕಿ ಉಳಿದೆನಲ್ಲ, ಅದು ಪವಾಡ!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಟೈಪಿಸ್ಟ್. ಮಾವ ಗಂಗಾವತಿಯಲ್ಲಿ, ತೌಡಿನ ಎಣ್ಣೆಯನ್ನು ಗಟ್ಟಿ ಮಾಡಿ ಸಾಬೂನಿನವರಿಗೆ ಕಳಿಸುವ ಕಾರ್ಖಾನೆಯಲ್ಲಿ ಲ್ಯಾಬ್ ಸಹಾಯಕ. ಕೈಗಾರಿಕೆಯ ವೇಗವರ್ಧಕಗಳಲ್ಲಿ ಹೊಸತೇನಾದರೂ ಮಾಡಿದವರಿಗೆ ಮುಂಬಯಿಯ ಸಂಸ್ಥೆಯೊಂದು ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಿತ್ತು. ಅರ್ಜಿ ಇಂಗ್ಲಿಷಿನಲ್ಲಿರಬೇಕು. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೀಗಾಗಿ ವರ್ಷಕ್ಕೊಂದು ಭಾನುವಾರ ನನ್ನ ಬೆರಳುಗಳಿಗೆ ರಜೆಯಿಲ್ಲ.

ವೇಗವರ್ಧಕ ಅಂದರೇನು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕೇಳದಿದ್ದರೆ ಮಾವ ಬಿಡುತ್ತಾನೆಯೇ?

"ಎಣ್ಣ್ಯಾಗ ನಿಕ್ಕಲ್ ಪುಡಿ ಹಾಕಿದ್ರ ಎಣ್ಣಿ ಲಗೂನ ಗಟ್ಟಿ ಆಗ್ತೈತಿ. ಕೆಲಸೆಲ್ಲಾ ಪುಡೀದು. ಆದ್ರ ತಾನು ಮಾತ್ರ ಒಂಚೂರೂ ಬದಲಾಗಂಗಿಲ್ಲ!"

"ಒಂಚೂರೂ ಬದಲಾಗಂಗಿಲ್ಲಂದ್ರ ನಿಮ್ಮ ಮಾವನ ಒಡಹುಟ್ಟಿದ್ದಽ ಇರಬೇಕು ಬಿಡವಾ," ಎಂದಳು ಅತ್ತೆ ಅಡುಗೆಮನೆಯಿಂದ.

ಬಳಸಿ ಒಣಗಿಸಿದ ಆ ಕಪ್ಪು ಪುಡಿಯನ್ನು ಮಾವ ಮನೆಯಲ್ಲಿ ಹಲ್ಲುಪುಡಿಯ ಡಬ್ಬಿಯಲ್ಲಿ ಇಟ್ಟಿದ್ದ. ನನ್ನನ್ನು ನೋಡಲು ಕುಷ್ಟಗಿಯಿಂದ ಬಂದು ರಾತ್ರಿ ಅಲ್ಲೇ ಉಳಿದಿದ್ದ ಹುಡುಗನ ತಂದೆ ಬೆಳಿಗ್ಗೆ ಅದರಲ್ಲೇ ಹಲ್ಲುಜ್ಜಿದರು!

"ಇದು ಯಾವ ಕಂಪನೀದ್ರಿ? ಭಾಳ ಜಿಡ್ಡೈತಿ," ಎಂದು ಕಪ್ಪು ಬಾಯಿ ತೆರೆದು ಕೇಳಿದರು.

ಮಾವ ಕ್ಷಮೆ ಕೇಳುವುದು ಬಿಟ್ಟು ನೋಟ್‌ಬುಕ್ ಹಿಡಿದು ಬಂದ. "ಬಾಯಿ ಬಿಸಿ ಅನಸ್ತೈತೇನ್ರಿ?"

ಎಣ್ಣೆ ಗಟ್ಟಿ ಮಾಡುವ ಪುಡಿ ಸಂಬಂಧವನ್ನು ಗಟ್ಟಿ ಮಾಡಲಿಲ್ಲ.

ಇದನ್ನೂ ಸಹಿಸಿದೆ. ಸಾಕು ಸಾಕಾಗಿಸಿದ್ದು ಅರ್ಜಿಯ ಒಂದು ಕಲಮು: "ಇದರಿಂದಾದ ಪ್ರಯೋಜನ."

"ದುರಗವ್ವನ ಕೈ ಹುಣ್ಣು ಮಾಯ್ದಾವಂತ ಬರಿ," ಎನ್ನುತ್ತಿದ್ದ ಮಾವ.

ದುರಗವ್ವ ಕಾರ್ಖಾನೆಯ ಕೂಲಿ ಹೆಂಗಸು. ಸೋಸುಬಟ್ಟೆಗೆ ಅಂಟಿದ ಪುಡಿಯನ್ನು ಬರಿಗೈಯಲ್ಲಿ ಕೆರೆದು ತೆಗೆಯುವುದು ಅವಳ ಕೆಲಸ. ಅಂಗೈ ತುಂಬ ತುರಿಕೆ, ಒಡೆದ ಚರ್ಮ. ಯಾರೂ ಮುಟ್ಟದೆಯೇ ಪುಡಿ ತೊಳೆದುಕೊಂಡು ವಾಪಸು ಬರುವಂಥ ಮುಚ್ಚಿದ ಕೊಳವೆ ವ್ಯವಸ್ಥೆಯೊಂದನ್ನು ಮಾವ ಕಟ್ಟಿದ್ದ. ಅದರಿಂದ ಪುಡಿಯೂ ಎಷ್ಟೋ ಪಟ್ಟು ಹೆಚ್ಚು ಸಲ ಕೆಲಸಕ್ಕೆ ಬರುತ್ತಿತ್ತು.

"ಮಾವಾ, ನಿಕ್ಕಲ್ ಉಳೀತು ಅಂತ ಬರಸೋ! ಅವರಿಗೆ ಬೇಕಾಗಿದ್ದು ಅದು!"

"ಅದು ತಾನಾಗೇ ಆತವಾ. ನಾ ಮಾಡಿದ್ದು ಕೈ ಸಲುವಾಗಿ."

ಆರು ವರ್ಷ ದುರಗವ್ವನ ಕೈ ಟೈಪ್ ಮಾಡಿದೆ. ಆರು ವರ್ಷ "ವಿಷಾದಿಸುತ್ತೇವೆ" ಎಂಬ ಕಾಗದ ಬಂತು. ಏಳನೆಯ ವರ್ಷ ನನಗೆ ದಣಿವಾಗಿತ್ತು. ಅವನು ಹೇಳಿದ್ದಕ್ಕೆ ಹೂಂಗುಟ್ಟುತ್ತ, ದುರಗವ್ವನನ್ನು ಬಿಟ್ಟು ನಿಕ್ಕಲ್ ಉಳಿತಾಯವನ್ನು ಟೈಪ್ ಮಾಡಿದೆ.

"ಒಮ್ಮೆ ಓದಿ ನೋಡು," ಎಂದೆ, ಬಾಯಿಮಾತಿಗೆ.

"ನೀ ಬರದದ್ದು ನಾ ಏನು ನೋಡೂದು?" ಎಂದು ಸಹಿ ಹಾಕಿದ.

ಪ್ರಶಸ್ತಿ ಬಂತು!

ಮುಂಬಯಿಯ ಸಭಾಂಗಣದಲ್ಲಿ ಯಾರೋ ಇಂಗ್ಲಿಷಿನಲ್ಲಿ ಹೊಗಳಿಕೆ ಓದಿದರು. ಮಾವ ಪದಕ ಹಿಡಿದು ಕೆಳಗಿಳಿದು ಬಂದವನೇ ನನ್ನ ಕಿವಿಯಲ್ಲಿ ಕೇಳಿದ, "ದುರಗವ್ವನ ಹೆಸರು ಓದಿದ್ರೇನು? ನನಗ ಕೇಳಸಲಿಲ್ಲ."

ವಾಪಸು ಬರುವ ರೈಲಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಮಾವ ಪದಕವನ್ನು ಜೇಬಿನಿಂದ ತೆಗೆದು ಮತ್ತೆ ಒಳಗಿಟ್ಟ.

"ನಿನಗ ಬ್ಯಾಸರ ಆಗಿತ್ತೇನವಾ?"

"ಹೂಂ."

"ನಂದಽ ತಪ್ಪು. ಭಾಳ ಸಲ ಬರಸಿದೆ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ರೈಲಿಳಿದು ಬಸ್ಸು ಹಿಡಿದು ಗಂಗಾವತಿಯಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ನೇರ ದುರಗವ್ವನ ಗುಡಿಸಲಿಗೆ ಹೋದ, ಹಿಂದೆ ನಾನು. ಪದಕವನ್ನು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಾವ ನೋಡುತ್ತಿದ್ದದ್ದು ಅವಳ ಕೈಯನ್ನು.

"ಈಗ ಉರಿ ಇಲ್ಲಲಾ?"

"ಇಲ್ರಿ ಸಾಹೇಬ್ರ. ಈಗ ರೊಟ್ಟಿ ನಾನಽ ಬಡೀತೀನ್ರಿ. ಕುಂದರ್ರಿ, ಉಂಡು ಹೋಗ್ರಿ."

ಒಲೆಯ ಮುಂದೆ ಅವಳ ಕೈ ತಟ ತಟ ಎನ್ನುತ್ತಿತ್ತು. ಮಾವ ನಾಲ್ಕು ರೊಟ್ಟಿ ತಿಂದ. ನಾನು ಇನ್ನೂ ಮೊದಲನೆಯ ರೊಟ್ಟಿಯನ್ನೇ ಮುರಿಯುತ್ತಿದ್ದೆ.